ಹಾಲೇಶನ ಕಂಪ್ಯೂಟರ್ ಕಣ್ಣು ಬಿಡದ ಕಥೆ

ಹೊಳಲ್ಕೆರೆಯಲ್ಲಿ ಹಾಲೇಶನಿಗೆ ಗೊತ್ತಿಲ್ಲದ ವಿಷಯ ಯಾವುದೂ ಇಲ್ಲ. ಹಾಗಂತ ಹೇಳುವವನು ಹಾಲೇಶ ಒಬ್ಬನೇ. ಆದರೆ ಇಪ್ಪತ್ತು ವರ್ಷದಿಂದ ಬಿಡದೆ ಹೇಳಿಕೊಂಡು ಬಂದದ್ದರಿಂದ ಬೀದಿಯ ಅರ್ಧ ಜನ ನಂಬಿಬಿಟ್ಟಿದ್ದರು. ಮಿಕ್ಕ ಅರ್ಧ ಜನರ ಮನೆಯ ಮಿಕ್ಸರನ್ನು ಅವನು ಒಮ್ಮೆಯಾದರೂ ಬಿಚ್ಚಿ ಜೋಡಿಸಿದ್ದ, ಆದ್ದರಿಂದ ಅವರು ನಂಬಿರಲಿಲ್ಲ. ಅವನ ಸ್ವಂತ ಮನೆಯ ಮಿಕ್ಸರು ಮೊಣಕೈಯಿಂದ ಮುಚ್ಚಳ ಅದುಮಿ ಹಿಡಿದರೆ ಮಾತ್ರ ತಿರುಗುತ್ತಿತ್ತು. ಅವನ ಹೆಂಡತಿ ಶಿವಗಂಗಾ ಒಂದು ಮೊಣಕೈಯಲ್ಲಿ ಚಟ್ನಿ ಅರೆಯುತ್ತಾ ಇನ್ನೊಂದು ಕೈಯಲ್ಲಿ ರೊಟ್ಟಿ ತಿರುವಿ ಹಾಕುವುದನ್ನು ಕಲಿತುಬಿಟ್ಟಿದ್ದಳು.

ಹಾಲೇಶನ ಅಪ್ಪ ನಾಗರಾಜಪ್ಪ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರು. ಮುಂದೆ ಸ್ಟುಡಿಯೋ, ಹಿಂದೆ ಮನೆ, ನಡುವೆ ಫಿಲ್ಮು ತೊಳೆಯುವ ಕತ್ತಲೆ ಕೋಣೆ. ರೀಲಿನ ಕಾಲದಲ್ಲಿ ಮಗನನ್ನು ಆ ಕೋಣೆಯಲ್ಲಿ ನಿಲ್ಲಿಸಿಕೊಂಡು, ದೀಪ ಆರಿಸಿ, ಬರೀ ಬೆರಳಲ್ಲಿ ಫಿಲ್ಮು ಸುತ್ತುವುದನ್ನು ಕಲಿಸಿದ್ದರು. "ಕಣ್ಣು ಬೆರಳ ತುದಿಯಾಗೆ ಇರ್ಬೇಕಲೇ" ಎನ್ನುವುದೇ ಅವರ ಪಾಠ. ರೀಲು ಹೋಯಿತು, ನಾಗರಾಜಪ್ಪನವರೂ ಲಿಂಗೈಕ್ಯರಾದರು, ಕತ್ತಲೆ ಕೋಣೆಯಲ್ಲಿ ಈಗ ಕಂಪ್ಯೂಟರ್ ಇಟ್ಟು ಮದುವೆ ವಿಡಿಯೋ ಜೋಡಿಸುವ ಕೆಲಸ ನಡೆಯುತ್ತದೆ. ಪಾಠ ಮಾತ್ರ ಮಗನನ್ನು ಬಿಟ್ಟು ಹೋಗಲಿಲ್ಲ. ಹಾಲೇಶ ಏನನ್ನೇ ಮಾಡಲಿ, ಮಾಡುವ ಕಡೆ ನೋಡುತ್ತಿರಲಿಲ್ಲ. ಪ್ಲಗ್ಗು ಚುಚ್ಚುವಾಗ ಮುಖ ಗಿರಾಕಿಯ ಕಡೆ, ಸ್ಕ್ರೂ ತಿರುಗಿಸುವಾಗ ಮುಖ ಟೀವಿಯ ಕಡೆ. ನೋಡಿ ಮಾಡುವವರನ್ನು ಕಂಡರೆ ಅವನಿಗೆ ಅಯ್ಯೋ ಅನ್ನಿಸುತ್ತಿತ್ತು, ಪಾಪ, ಕೈ ಪಳಗಿಲ್ಲ ಅಂತ.

ಇಂಥವನ ಜೊತೆ ಬಾಳುವುದು ಶಿವಗಂಗಾಗೆ ಕಷ್ಟವೇನೂ ಆಗಿರಲಿಲ್ಲ. ಮನುಷ್ಯ ಒಳ್ಳೆಯವನು, ನಗಿಸುವವನು, ಕುಡಿಯುವವನಲ್ಲ. ಅವಳಿಗಿದ್ದದ್ದು ಒಂದೇ ಸಂಕಟ. ಅವಳ ತಮ್ಮ ಗೋವರ್ಧನನಿಗೂ ಹಾಲೇಶನಿಗೂ ಮಾತಿರಲಿಲ್ಲ.

ಅದಕ್ಕೆ ಕಾರಣ ಒಂದು ಲಾಡು. ಗೋವರ್ಧನ ದುರ್ಗದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವನು. ಆರು ವರ್ಷದ ಹಿಂದೆ ಅವನ ಮದುವೆ. ಫೋಟೋ ತೆಗೆಯುವ ಜವಾಬ್ದಾರಿ ಬೇರೆ ಯಾರಿಗೆ ಹೋಗುತ್ತದೆ, ಭಾವನಿಗೇ ಬಂತು. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಒಬ್ಬ ದೊಡ್ಡಪ್ಪನ ಪೇಟ ಕ್ಯಾಮೆರಾಕ್ಕೆ ಅಡ್ಡ ಬಂತು. ಹಾಲೇಶ ಎದೆಗುಂದಲಿಲ್ಲ. ಊಟದ ಪಂಕ್ತಿಯಲ್ಲಿ ತೆಗೆದ ಫೋಟೋದಿಂದ ಬಾಮೈದನ ಮುಖ ಕತ್ತರಿಸಿ ತಂದು, ಪೇಟದ ಜಾಗದಲ್ಲಿ ಕೂರಿಸಿ, ಆಲ್ಬಂ ಮಾಡಿಕೊಟ್ಟ. ಕೆಲಸ ಅಚ್ಚುಕಟ್ಟಾಗಿಯೇ ಇತ್ತು. ಆದರೆ ಆ ಮುಖದ ಬಲಗೆನ್ನೆಯೊಳಗೆ ಲಾಡು ಇತ್ತು. ಹೊಸದುರ್ಗದಿಂದ ಬಂದ ಬೀಗರ ಎದುರಿಗೆ ಆಲ್ಬಂ ಬಿಚ್ಚಿದರೆ, ಮದುಮಗ ಕೆನ್ನೆ ಉಬ್ಬಿಸಿಕೊಂಡು ಜಗಿಯುತ್ತಾ ತಾಳಿ ಕಟ್ಟುತ್ತಿದ್ದಾನೆ. ಬೀಗರು ನಕ್ಕರು. ಗೋವರ್ಧನ ನಗಲಿಲ್ಲ. "ಫೋಟೋ ತೆಗಿಯಾಕೆ ಬರ್ದಿದ್ರೆ ಮಂಡಕ್ಕಿ ಅಂಗಡಿ ಇಡ್ಬೇಕು" ಅಂದ. "ಡಬ್ಬ ಮಾರೋನಿಗೆ ಫೋಟೋ ಬಗ್ಗೆ ಏನ್ ಗೊತ್ತು" ಎಂದು ಹಾಲೇಶ ಚಪ್ಪಲಿ ಮೆಟ್ಟಿದ. ಅವನು ಇವನ ಹೊಸಿಲು ತುಳಿಯುವುದಿಲ್ಲ ಎಂದ, ಇವನು ಅವನ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ ಎಂದ. ಅಂದಿನಿಂದ ಇಬ್ಬರೂ ಆಡಿದ ಮಾತಿಗೆ ತಪ್ಪಿರಲಿಲ್ಲ.

ಇದರ ಏಟು ಬಿದ್ದದ್ದು ಶಿವಗಂಗಾಗೆ, ಅದೂ ವರ್ಷಕ್ಕೊಮ್ಮೆ ಪಂಚಮಿ ಹಬ್ಬಕ್ಕೆ. ಪಂಚಮಿಗೆ ತವರಿನಿಂದ ಅಣ್ಣನೋ ತಮ್ಮನೋ ಬಂದು, ಒಳಗೆ ಕೂತು, ಒಂದು ಲೋಟ ನೀರು ಕುಡಿದು, "ನಡಿಯಕ್ಕ" ಎಂದು ಕರೆದುಕೊಂಡು ಹೋಗಬೇಕು. ಬೀದಿಯ ಎಲ್ಲ ಹೆಣ್ಣುಮಕ್ಕಳೂ ಹಾಗೇ ಹೋಗುತ್ತಿದ್ದರು. ಶಿವಗಂಗಾ ಮಾತ್ರ ಕೈಯಲ್ಲಿ ಬ್ಯಾಗು ಹಿಡಿದು, ಒಬ್ಬಳೇ ದುರ್ಗದ ಬಸ್ಸು ಹತ್ತಿ, ಅಲ್ಲಿಂದ ತುರುವನೂರಿನ ಬಸ್ಸು ಹಿಡಿದು ಅಮ್ಮನ ಮನೆ ಸೇರಬೇಕಿತ್ತು. ಬಸ್ಸಿಳಿದ ಕೂಡಲೇ ಊರಿನ ಕಾಳಕ್ಕ ಕೇಳುತ್ತಿದ್ದಳು, "ಯಾಕವ್ವ ಒಬ್ಳೇ ಬಂದೆ? ತಮ್ಮ ಕರಿಯಾಕೆ ಬರ್ಲಿಲ್ವಾ?" ಗಾಡಿ ಪಂಕ್ಚರ್ ಆತು, ಅಂಗಡಿಯಲ್ಲಿ ರಷ್ಷು, ಅವನಿಗೆ ಜ್ವರ, ಅವನ ಹೆಂಡತಿಗೆ ಜ್ವರ ಎಂದು ವರ್ಷಕ್ಕೊಂದು ಸುಳ್ಳು ಹೇಳುತ್ತಾ ಬಂದಿದ್ದಳು. ಈಗ ಸುಳ್ಳುಗಳೂ ಮುಗಿಯುತ್ತಾ ಬಂದಿದ್ದವು.

ಈ ವರ್ಷ ಪಂಚಮಿ ಇನ್ನೇನು ಹತ್ತಿರ ಬಂತು ಅನ್ನುವಾಗ ಹಾಲೇಶ ಕಂಪ್ಯೂಟರಿನ ಹೊಟ್ಟೆಗೆ ಕೈ ಹಾಕಿದ.

ಹೊಸ ಕ್ಯಾಮೆರಾದಲ್ಲಿ ತೆಗೆದ ವಿಡಿಯೋಗಳು ಹಳೆಯ ಕಂಪ್ಯೂಟರಿನಲ್ಲಿ ಓಡುತ್ತಿರಲಿಲ್ಲ. ಮದುಮಗಳು ಒಂದು ಹೆಜ್ಜೆ ಇಟ್ಟರೆ ಚಿತ್ರ ನಿಂತುಬಿಡುತ್ತಿತ್ತು, ಕಾಫಿ ಕುಡಿದು ಬಂದರೆ ಇನ್ನೊಂದು ಹೆಜ್ಜೆ. ಇದಕ್ಕೆಲ್ಲ ಒಳಗಿರುವ ಗ್ರಾಫಿಕ್ಸ್ ಕಾರ್ಡ್ ಎಂಬ ಹಲಗೆಯೇ ಕಾರಣ, ಪರದೆಯ ಮೇಲೆ ಚಿತ್ರ ಮೂಡಿಸುವುದು ಅದೇ, ಅದನ್ನು ಬದಲಾಯಿಸಬೇಕು ಎಂದು ಹಾಲೇಶ ಕಂಡುಹಿಡಿದ. ಬದಲಾಯಿಸಿ ಕೊಡುವ ಅಂಗಡಿ ದುರ್ಗದಲ್ಲಿ ಬಾಮೈದನದೇ ಇತ್ತು. ಆದ್ದರಿಂದ ಹಾಲೇಶ ಫೋನಿನಲ್ಲೇ ಹುಡುಕಿ ಬೆಂಗಳೂರಿನಿಂದ ತರಿಸಿದ.

ಭಾನುವಾರ ಕಾರ್ಡು ಬಂತು. ಹಾಲೇಶನ ತಾಯಿ ಕಮಲಮ್ಮ ಅದಕ್ಕೆ ವಿಭೂತಿ ಹಚ್ಚಿ, ಹೂವೇರಿಸಿ, ನಿಂಬೆಹಣ್ಣು ನಿವಾಳಿಸಿದರು. ಹಾಲೇಶ ನೆಲದ ಮೇಲೆ ಕೂತು, ಎದುರಿಗೆ ಫೋನು ಒರಗಿಸಿ, ಕಾರ್ಡು ಹಾಕುವುದು ಹೇಗೆಂಬ ವಿಡಿಯೋವನ್ನು ಜೋರಾಗಿ ಹಚ್ಚಿದ. ಪಕ್ಕದಲ್ಲಿ ಶಿವಗಂಗಾ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಫೋನಿನೊಳಗಿನ ಹುಡುಗ ನಿಧಾನವಾಗಿ, ಚೆನ್ನಾಗಿಯೇ ಹೇಳುತ್ತಿದ್ದ. ಆದರೆ ಹಾಲೇಶ ಅವನನ್ನು ಮಾತಾಡಲು ಬಿಡಬೇಕಲ್ಲ!

"ಈಗ ಮಾನಿಟರ್ ವೈರನ್ನ ಹೊಸ ಕಾರ್ಡಿಗೇ ಹಾಕಿ, ಮೇಲಿನ ತೂತಿಗೆ ಹಾಕಬೇಡಿ" ಎಂದ ಫೋನಿನ ಹುಡುಗ.

"ಇವ್ನೇನು ಹೇಳ್ತಾನೆ, ನಾನು ಹುಟ್ಟಿದಾಗ್ಲಿಂದ ವೈರ್ ಹಾಕ್ತಿದೀನಿ" ಎಂದ ಹಾಲೇಶ. ಕಾರ್ಡು ಕೂರಿಸಿದ ಕಂಪ್ಯೂಟರ್ ಪೆಟ್ಟಿಗೆಯನ್ನು, ಮೇಜಿನ ಕೆಳಗೆ ಅದಕ್ಕೆಂದೇ ಮಾಡಿಸಿದ ಗೂಡಿಗೆ ತಳ್ಳಿದ. ಪೆಟ್ಟಿಗೆಯ ಬೆನ್ನು ಗೋಡೆಗೆ ತಾಗುವಷ್ಟು ಹತ್ತಿರ. ಸಂದಿಯಲ್ಲಿ ತೋಳು ತೂರಿಸಿ, ಕಮಲಮ್ಮನ ಕಡೆ ನೋಡುತ್ತಾ, "ಅವ್ವ, ಒಂಚೂರು ಕಾಫಿ" ಎನ್ನುತ್ತಾ, ಬೆರಳಿಗೆ ಸಿಕ್ಕ ತೂತಿಗೆ ವೈರು ಚುಚ್ಚಿದ. ಟಕ್ ಎಂದು ಕೂತಿತು.

ಸ್ವಿಚ್ಚು ಒತ್ತಿದ. ಒಳಗೆ ಫ್ಯಾನುಗಳು ತಿರುಗಿದವು. ಹೊಸ ಕಾರ್ಡಿನ ಮೇಲೆ ಕೆಂಪು ದೀಪ, ಹಸಿರು ದೀಪ, ನೀಲಿ ದೀಪ, ಗಣಪತಿ ಪೆಂಡಾಲಿನ ಹಾಗೆ ಬೆಳಗಿದವು. ಪರದೆ ಮಾತ್ರ ಕಪ್ಪಗೆ ಇತ್ತು. ಎಲ್ಲರೂ ಕಾದರು. ಕಾಫಿ ಬಂತು, ಕುಡಿದೂ ಆಯಿತು. ಪರದೆ ಹಾಗೇ ಇತ್ತು.

"ಹೊಸದಲ್ವಾ, ಹೊಂದ್ಕಳಕ್ಕೆ ಟೈಮ್ ಬೇಕು" ಎಂದ ಹಾಲೇಶ, ಹೊಸ ಸೊಸೆಯ ಬಗ್ಗೆ ಹೇಳುವವನ ಹಾಗೆ.

ಮಾರನೇ ಬೆಳಗ್ಗೆಯೂ ಹೊಂದಿಕೊಂಡಿರಲಿಲ್ಲ. ಹಾಲೇಶ ಸಂತೆಗೆ ಹೋದ ಹೊತ್ತಿನಲ್ಲಿ ಶಿವಗಂಗಾ ಕಸ ಗುಡಿಸುತ್ತಾ ಮೇಜಿನ ಕೆಳಗೆ ಬಗ್ಗಿದಳು. ಪೊರಕೆ ಸಂದಿಗೆ ಹೋಗಲಿಲ್ಲ. ಕೆನ್ನೆಯನ್ನು ಗೋಡೆಗೆ ಒತ್ತಿ ಇಣುಕಿದಳು. ಹೊಸ ಕಾರ್ಡಿನ ತೂತುಗಳೆಲ್ಲ ಅಂಗಡಿಯಿಂದ ಬಂದಾಗಿನ ಪ್ಲಾಸ್ಟಿಕ್ ಮುಚ್ಚಳ ಹಾಕಿಕೊಂಡು ಹಾಗೇ ಕೂತಿದ್ದವು. ವೈರು ಅವಕ್ಕಿಂತ ಒಂದು ಗೇಣು ಮೇಲೆ, ಪೆಟ್ಟಿಗೆಯದೇ ಹಳೆಯ ತೂತಿನಲ್ಲಿತ್ತು. ಫೋನಿನ ಹುಡುಗ ಹಾಕಬೇಡಿ ಎಂದಿದ್ದ ತೂತು ಅದೇ.

ಅವಳಿಗೆ ನಗು ಬಂತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ! ಕೈ ಚಾಚಿ, ವೈರು ಕಿತ್ತು ಕೆಳಗೆ ಹಾಕಿದರೆ ಮುಗಿಯಿತು. ಕೈ ಚಾಚಿಯೂ ಚಾಚಿದಳು. ಅಷ್ಟರಲ್ಲಿ ಅವಳ ತಲೆಯಲ್ಲಿ ಒಂದು ವಿಚಾರ ಬಂತು, ಕೈ ಅಲ್ಲೇ ನಿಂತಿತು.

ಇದು ಸರಿಹೋಗದಿದ್ದರೆ ಗಂಡ ಯಾರನ್ನು ಕರೆಯಬೇಕು? ಇಡೀ ಜಿಲ್ಲೆಯಲ್ಲಿ ಮನೆಗೇ ಬಂದು ಕಂಪ್ಯೂಟರ್ ಬಿಚ್ಚಿ ನೋಡುವಷ್ಟು ಹತ್ತಿರದವನು ಒಬ್ಬನೇ. ಅವನು ಬಂದರೆ ಹೊಸಿಲು ದಾಟಬೇಕು. ದಾಟಿದರೆ ನೀರು ಕೊಡಬಹುದು. ಪಂಚಮಿಗೆ ಇನ್ನೂ ಹತ್ತು ದಿನವಿತ್ತು.

ಶಿವಗಂಗಾ ಕೈ ಹಿಂದಕ್ಕೆ ತೆಗೆದು, ಕಸವನ್ನೂ ಅಲ್ಲೇ ಬಿಟ್ಟು ಎದ್ದಳು.

ಅಲ್ಲಿಂದ ಶುರುವಾಯಿತು ಅವಳ ಕಾವಲು. ಹಾಲೇಶನ ಕಂಪ್ಯೂಟರ್ ಕಣ್ಣು ಬಿಡುತ್ತಿಲ್ಲವೆಂಬ ಸುದ್ದಿ ಹಬ್ಬಿದ್ದೇ ತಡ, ಒಬ್ಬೊಬ್ಬರೇ ಬಂದರು. ಮಿಕ್ಸರ್ ಕಳೆದುಕೊಂಡವರಂತೂ ಖುಷಿಯಿಂದಲೇ ಬಂದರು. ಎದುರಿನ ಮೊಬೈಲ್ ಅಂಗಡಿಯ ರಂಗೇಶ್ ಎಲ್ಲರಿಗಿಂತ ಮೊದಲು. ಅವನ ಮನೆಯಲ್ಲಿ ತಲೆತಲಾಂತರದಿಂದ ಕುರಿ ಸಾಕಣೆ, ಅವನ ಅಪ್ಪ ಜುಂಜಯ್ಯ ಈಗಲೂ ಮಂದೆಯ ಹಿಂದೆ ಓಡಾಡುವವನು. ರಂಗೇಶ್ ಮೊಬೈಲ್ ರಿಪೇರಿಯನ್ನೂ ಅದೇ ಲೆಕ್ಕದಲ್ಲಿ ಮಾಡುತ್ತಿದ್ದ.

"ಅಣ್ಣ, ಕುರಿ ಮಂಕಾದ್ರೆ ನಮ್ಮಪ್ಪ ಮೊದ್ಲು ಬಾಯಿ ಬಿಚ್ಚಿ ನೋಡ್ತಾನೆ, ಆಮ್ಯಾಲೆ ಹಿಂದ್ಗಡೆ ನೋಡ್ತಾನೆ" ಎಂದ. ಪೆಟ್ಟಿಗೆಯ ಪಕ್ಕದ ಬಾಗಿಲು ತೆಗೆದು ಒಳಗೆ ಇಣುಕಿದ. "ಅಲ್ಲಣ್ಣ, ಇದೇನು ಇದ್ರ ಮೈಮ್ಯಾಲೆ ಬೂದಿ ಐತೆ?"

"ವಿಭೂತಿ ಕಣಪ್ಪ ಅದು, ಬೂದಿ ಅಂತಾನೆ" ಎಂದು ಕಮಲಮ್ಮ ಒಳಗಿನಿಂದಲೇ ಗದರಿದರು. "ದೇವ್ರ ಪ್ರಸಾದದಿಂದ ಯಾವುದೂ ಕೆಡಂಗಿಲ್ಲ."

ಹಾಲೇಶ ವಿಭೂತಿಯನ್ನು ಬ್ರಶ್ಶಿನಿಂದ ಒರೆಸಿದ. ಪರದೆ ಕಪ್ಪಗೇ ಇತ್ತು. ಕಮಲಮ್ಮನಿಗೆ ಇದರಿಂದ ಆದ ಸಮಾಧಾನ ಹೇಳತೀರದು. ಒರೆಸಿದ್ದಕ್ಕೇ ಹೀಗಾಯಿತೆಂದು ಮತ್ತೆ ಹಚ್ಚಿದರು.

"ಬಾಯಿ ಸರಿ ಐತೆ, ಇನ್ನು ಹಿಂದ್ಗಡೆ" ಎಂದು ರಂಗೇಶ್ ಗೂಡಿನ ಹಿಂದಕ್ಕೆ ತಲೆ ಹಾಕಲು ಹೊರಟ. ಶಿವಗಂಗಾ ಅಡುಗೆಮನೆಯ ಬಾಗಿಲಿಗೆ ಬಂದು ಕೂಗಿದಳು.

"ರಂಗೇಶಪ್ಪ, ಮಂಡಕ್ಕಿ ಕಲ್ಸೀನಿ, ಮೆಣಸಿನಕಾಯಿ ಬಾಣಲೇಲಿ ಐತೆ. ಆರಿದ್ರೆ ಚೆನ್ನಾಗಿರಲ್ಲ, ಬರ್ರಿ ಬರ್ರಿ."

ಬಿಸಿ ಮೆಣಸಿನಕಾಯಿ ಬಜ್ಜಿಯ ಮುಂದೆ ಯಾವ ರಿಪೇರಿಯೂ ನಿಲ್ಲುವುದಿಲ್ಲ. ರಂಗೇಶ್ ಎದ್ದ. ಆ ವಾರ ಶಿವಗಂಗಾ ಕರಿದ ಮೆಣಸಿನಕಾಯಿಗೆ ಲೆಕ್ಕವಿಲ್ಲ. ಯಾರು ಪೆಟ್ಟಿಗೆಯ ಬೆನ್ನಿನ ಕಡೆ ಬಗ್ಗಿದರೂ ಬಾಣಲೆ ಒಲೆಯ ಮೇಲೆ ಏರುತ್ತಿತ್ತು. ಬೀದಿಯಲ್ಲಿ ಸುದ್ದಿ ಹಬ್ಬಿ, ಕಂಪ್ಯೂಟರಿನ ಗಂಧಗಾಳಿ ಇಲ್ಲದವರೂ ಸಲಹೆ ಕೊಡಲು ಬರತೊಡಗಿದರು.

ಹಾಲೇಶ ಮಾತ್ರ ಇಳಿದುಹೋಗುತ್ತಿದ್ದ. ಮೊದಲ ದಿನ ಕಾರ್ಡು ಸರಿಯಿಲ್ಲವೆಂದ, ಎರಡನೆಯ ದಿನ ಕರೆಂಟು ಸರಿಯಿಲ್ಲವೆಂದ, ಆಮೇಲೆ ಏನೂ ಅನ್ನಲಿಲ್ಲ. ಕಾರ್ಡನ್ನು ತೆಗೆದ, ಹಾಕಿದ, ಹಳೆಯದನ್ನು ಹಾಕಿ ನೋಡಿದ, ಅದಕ್ಕೂ ಪರದೆ ಕಣ್ಣು ಬಿಡಲಿಲ್ಲ. ಬಿಡುವುದು ಹೇಗೆ, ವೈರು ಇದ್ದಲ್ಲೇ ಇತ್ತಲ್ಲ. ಹೊಸದುರ್ಗದ ತಿಮ್ಮರಾಯಪ್ಪ ಬಂದು ಬಾಗಿಲಲ್ಲೇ ನಿಂತು ರೇಗಿ ಹೋದ. ಅವನ ಮಗಳ ಮದುವೆ ವಿಡಿಯೋ ಆ ಪೆಟ್ಟಿಗೆಯೊಳಗೆ ಇತ್ತು. "ಪಂಚಮಿಗೆ ಮಗ್ಳು ಬರ್ತಾಳೆ, ಬೀಗ್ರೂ ಬರ್ತಾರೆ, ಏನ್ ತೋರಿಸ್ಲಿ ಅವ್ರಿಗೆ? ಈ ಕರೀ ಪರದೆ ತೋರಿಸ್ಲಾ?" ಎಂದ. ಯಾವಾಗಲೂ ತಕ್ಷಣ ಜವಾಬು ಕೊಡುವ ಹಾಲೇಶ ತಲೆ ತಗ್ಗಿಸಿ ನಿಂತ.

ಆ ಸಂಜೆ ಶಿವಗಂಗಾ ಕೋಣೆಗೆ ಹೋದಾಗ ಅವನು ಕಪ್ಪು ಪರದೆಯ ಮುಂದೆ ಸುಮ್ಮನೆ ಕೂತಿದ್ದ. ಪರದೆಯಲ್ಲಿ ಅವನದೇ ಮುಖ ಕಾಣುತ್ತಿತ್ತು.

"ನಮ್ಮಪ್ಪ ಕತ್ಲಾಗೆ ಮಾಡೋರು" ಎಂದ. "ನಾನು ಹಗ್ಲಲ್ಲೇ ಮಾಡಕ್ಕಾಗ್ಲಿಲ್ಲ. ನಂಗೆ ವಯಸ್ಸಾತೇನೋ ಗಂಗಾ. ಕೈ ಹೋತೇನೋ."

ಇಷ್ಟು ದಿನ ಇದು ಅವಳಿಗೆ ಆಟವಾಗಿತ್ತು. ಈ ಮನುಷ್ಯ ತನಗೆ ಗೊತ್ತಿಲ್ಲ ಎಂದದ್ದನ್ನು ಅವಳು ಮದುವೆಯಾದಾಗಿನಿಂದ ಕೇಳಿರಲಿಲ್ಲ, ಕೇಳಬೇಕೆಂದು ಎಷ್ಟೋ ಸಲ ಆಸೆಪಟ್ಟಿದ್ದಳು. ಈಗ ಕೇಳಿದರೆ ಬೇಡವಾಗಿತ್ತು. ತಮ್ಮ ಬರದಿದ್ದರೆ ಹೋಗಲಿ, ಬಸ್ಸಿದೆ, ಕಾಳಕ್ಕನಿಗೆ ಹೇಳಲು ಇನ್ನೊಂದು ಸುಳ್ಳು ಹುಡುಕಿದರಾಯಿತು, ಹೇಳಿಬಿಡುತ್ತೇನೆ ಎಂದುಕೊಂಡು ಬಾಯಿ ತೆರೆದಳು.

"ನಿನ್ ತಮ್ಮಂಗೆ ಫೋನ್ ಮಾಡು" ಎಂದ ಹಾಲೇಶ.

ಅವಳು ತೆರೆದ ಬಾಯಿ ಮುಚ್ಚಿಕೊಂಡು ಫೋನು ಕೈಗೆತ್ತಿಕೊಂಡಳು.

"ನಾನು ಹೇಳ್ದೆ ಅನ್ಬ್ಯಾಡ. ಅವ್ವ ಹೇಳಿದ್ರು ಅನ್ನು."

ಗೋವರ್ಧನ ಮಾರನೇ ದಿನ ಬೆಳಗ್ಗೆ ಬರುತ್ತೇನೆಂದ. ಅವನೂ ಭಾವ ಹೇಳಿದ್ದಕ್ಕೆ ಬರುತ್ತಿಲ್ಲ, ಕಮಲಮ್ಮನವರ ಮಾತಿಗೆ ಬೆಲೆ ಕೊಟ್ಟು ಬರುತ್ತಿದ್ದೇನೆ ಎನ್ನುವುದನ್ನು ಬಿಡಿಸಿ ಹೇಳಿದ.

ಬೆಳಗಾಗುತ್ತಲೇ ಹಾಲೇಶ ಸ್ಟುಡಿಯೋ ಗುಡಿಸಿದ, ಕನ್ನಡಿ ಒರೆಸಿದ, ಅಂಗಿ ಬದಲಾಯಿಸಿದ. "ಅವ್ನ ಕಣ್ಣಿಗೆ ಧೂಳು ಕಾಣಬಾರ್ದು" ಎಂದು ಪೆಟ್ಟಿಗೆಯನ್ನೂ ಗೂಡಿನಿಂದ ಎಳೆದು ಬೆನ್ನು ತಿರುಗಿಸಿ ಒರೆಸತೊಡಗಿದ. ಶಿವಗಂಗಾ ಅಡುಗೆಮನೆಯ ಬಾಗಿಲಿಗೆ ಓಡಿ ಬರುವಷ್ಟರಲ್ಲಿ ತಡವಾಗಿತ್ತು. ಬಟ್ಟೆ ಹಿಡಿದ ಕೈ ವೈರಿನ ಮೇಲೆ ನಿಂತಿತ್ತು. ಹಾಲೇಶ ವೈರನ್ನು ನೋಡಿದ. ಮುಚ್ಚಳ ಹಾಕಿಕೊಂಡಿದ್ದ ಕೆಳಗಿನ ತೂತುಗಳನ್ನು ನೋಡಿದ. ಅವನ ಕಿವಿ ಕೆಂಪಾಯಿತು.

ಆಯಿತು, ಎಲ್ಲ ಮುಗಿಯಿತು ಎಂದುಕೊಂಡಳು ಶಿವಗಂಗಾ. ಈಗ ವೈರು ಬದಲಾಯಿಸುತ್ತಾನೆ, ಪರದೆ ಬೆಳಗುತ್ತದೆ, ನಾನೇ ಸರಿಮಾಡಿದೆ ಅನ್ನುತ್ತಾನೆ, ಬರಬೇಡ ಅಂತ ಹೇಳು ಅನ್ನುತ್ತಾನೆ. ಅವನಿಗೆ ಬೇಕಾದದ್ದೂ ಅದೇ ಅಲ್ಲವೆ. ಜಟ್ಟಿಯ ಮೀಸೆ ಮಣ್ಣಾಗುವ ಮೊದಲೇ ಎದ್ದು ನಿಲ್ಲುವ ಅವಕಾಶ.

ಹಾಲೇಶ ಬಟ್ಟೆಯನ್ನು ಮಡಿಸಿ ಹೆಗಲಿಗೆ ಹಾಕಿಕೊಂಡ. ಆಮೇಲೆ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಅವಳು ಒಳ್ಳೆಯ ಸೀರೆ ಉಟ್ಟಿದ್ದಳು, ತಲೆಗೆ ಹೂ ಮುಡಿದಿದ್ದಳು, ಕೈಯಲ್ಲಿ ಹೋಳಿಗೆಯ ಕಣಕವಿತ್ತು.

"ದುರ್ಗ ಬಿಟ್ನಂತಾ ನಿನ್ ತಮ್ಮ?" ಎಂದು ಕೇಳಿದ. ವೈರನ್ನು ಮುಟ್ಟದೆ ಪೆಟ್ಟಿಗೆಯನ್ನು ಮೆಲ್ಲಗೆ ಗೂಡಿಗೆ ತಳ್ಳಿದ.

"ಬಿಟ್ನಂತೆ" ಎಂದಳು ಶಿವಗಂಗಾ. ಒಳಗೆ ಹೋಗಿ ಕಣಕ ನಾದಿದಳು, ನಾದಿದ ಕಣಕವನ್ನೇ ಮತ್ತೆ ನಾದಿದಳು.

ಗೋವರ್ಧನ ಬಂದ. ಹೊಸಿಲ ಮುಂದೆ ಒಂದು ಕ್ಷಣ ನಿಂತು, ಬಲಗಾಲಿಟ್ಟು ಒಳಗೆ ಬಂದ. ಹಾಲೇಶ ಕ್ಯಾಲೆಂಡರ್ ನೋಡುತ್ತಿದ್ದ.

ನಮ್ಮ ಕಡೆ ಮಾತು ಬಿಡುವುದೆಂದರೆ ಸುಮ್ಮನಿರುವುದಲ್ಲ. ಎದುರಿಗಿರುವವನಿಗೆ ಹೇಳಬೇಕಾದ್ದನ್ನು ಕಂಬಕ್ಕೋ ಕರುವಿಗೋ ಹೇಳುವುದು. ಈ ಮನೆಯಲ್ಲಿ ಕಂಬವಿರಲಿಲ್ಲ, ಶಿವಗಂಗಾ ಇದ್ದಳು.

"ಅಕ್ಕ, ಯಾವಾಗ್ಲಿಂದ ಹಿಂಗಾಗೈತೆ ಕೇಳು."

"ಭಾನ್ವಾರದಿಂದ ಅನ್ನು" ಎಂದ ಹಾಲೇಶ ಕ್ಯಾಲೆಂಡರಿಗೆ.

ಗೋವರ್ಧನ ನೆಲದ ಮೇಲೆ ಕೂತು, ಪೆಟ್ಟಿಗೆಯ ಪಕ್ಕದ ಬಾಗಿಲು ತೆಗೆದ. ಇನ್ನೇನು ಬೆನ್ನ ಕಡೆ ನೋಡುತ್ತಾನೆ, ಎರಡು ನಿಮಿಷದಲ್ಲಿ ಮುಗಿಯುತ್ತದೆ, ತಕ್ಷಣ ತಟ್ಟೆ ಹಾಕಬೇಕು ಎಂದು ಶಿವಗಂಗಾ ಕಾದು ನಿಂತಳು. ಗೋವರ್ಧನ ಬೆನ್ನ ಕಡೆ ನೋಡಲಿಲ್ಲ. ದೊಡ್ಡ ವೈದ್ಯರಿಗೆ ಸಣ್ಣ ಕಾಯಿಲೆ ಕಾಣುವುದಿಲ್ಲ. ಫ್ಯಾನು ತಿರುಗುತ್ತಿದೆ, ಕಾರ್ಡಿನಲ್ಲಿ ದೀಪ ಇದೆ, ಆದ್ದರಿಂದ ತೊಂದರೆ ಆಳದಲ್ಲಿದೆ ಎಂದು ತೀರ್ಮಾನಿಸಿದ. ಮೆಮೊರಿ ಪಟ್ಟಿಗಳನ್ನು ಕಿತ್ತು ಉಜ್ಜಿ ಹಾಕಿದ. ಪವರ್ ಪೆಟ್ಟಿಗೆಯ ಮೇಲೆ ಅನುಮಾನಪಟ್ಟು ಚೀಲದಿಂದ ಬೇರೊಂದು ತೆಗೆದು ಹೊರಗಿನಿಂದಲೇ ಜೋಡಿಸಿದ. ಪರದೆ ಕಪ್ಪು. ಗುಂಡಿಯಂಥ ಸಣ್ಣ ಬ್ಯಾಟರಿ ಕಿತ್ತು ಕೈಯಲ್ಲಿ ಹಿಡಿದು ಕೂತ. ಮತ್ತೆ ಹಾಕಿದ. ಪರದೆ ಕಪ್ಪು. ಅಂಗಿ ಬೆನ್ನಿಗೆ ಅಂಟಿತು.

ಹಾಲೇಶನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. "ಗಂಗಾ, ಹಿಂದ್ಗಡೆ ವೈರ್ ಒಂದ್ಸಲ ನೋಡಿದ್ರೆ ಒಳ್ಳೇದಿತ್ತೇನೋ ಅಂತ ಹೇಳು."

ಗೋವರ್ಧನನ ಮೂಗಿನ ಮೇಲೆ ಸಿಟ್ಟು ಬಂತು. "ಅಕ್ಕ, ಈ ಕಂಪ್ಯೂಟರ್ ಆರು ವರ್ಷದ ಹಿಂದೆ ನಾನೇ ನನ್ನ ಕೈಯಾರೆ ಜೋಡ್ಸಿದ್ದು ಅಂತ ಹೇಳು. ವೈರ್ ನೋಡೋದು ಕಲಿಸ್ಬ್ಯಾಡ್ರಿ ಅಂತ ಹೇಳು."

ಶಿವಗಂಗಾ ಯಾರಿಗೆ ಏನು ಹೇಳಬೇಕು? ನಿಜ ಹೇಳಿದರೆ ತಮ್ಮ, ಗೊತ್ತಿದ್ದೂ ಕರೆಸಿ ಆಟ ಆಡಿಸಿದರು ಎಂದು ಎದ್ದು ಹೋಗುತ್ತಾನೆ. ಹೇಳದಿದ್ದರೆ ಸೋತ ಮುಖ ಹೊತ್ತು ಹೋಗುತ್ತಾನೆ, ಇನ್ನು ಜನ್ಮದಲ್ಲಿ ಬರುವುದಿಲ್ಲ.

ಗೋವರ್ಧನ ಕೈ ಒರೆಸಿಕೊಂಡ. "ಕಾರ್ಡೇ ಸತ್ತೋಗೈತೆ ಅಂತ ಹೇಳಕ್ಕ. ಎಲ್ಲೆಲ್ಲಿಂದಲೋ ತರ್ಸಿದ್ರೆ ಹಿಂಗೇ ಆಗೋದು. ಮನೆಯೋರಾಗೇ ಅಂಗಡಿ ಇಟ್ಕಂಡೋನು ಒಬ್ಬ ಇದ್ದಾನೆ ಅಂತ ನೆಪ್ಪಿರ್ಬೇಕಿತ್ತು."

ಹಾಲೇಶನ ಕಿವಿ ಮತ್ತೆ ಕೆಂಪಾದದ್ದನ್ನು ಶಿವಗಂಗಾ ಕಂಡಳು. ಈಗ ಲಾಡಿನ ಜಗಳ ಮತ್ತೆ ಮೊದಲಿನಿಂದ ಶುರುವಾಗುತ್ತದೆ ಎಂದು ಕಣ್ಣು ಮುಚ್ಚಿದಳು.

"ಊಟಕ್ಕೇಳ್ರಪ್ಪ ಮೊದ್ಲು" ಎಂದರು ಕಮಲಮ್ಮ. "ಸತ್ತಿದ್ರೆ ಊಟ ಆದ್ಮ್ಯಾಲೂ ಸತ್ತೇ ಇರ್ತೈತೆ, ಎಲ್ಲಿಗೂ ಓಡಿಹೋಗಲ್ಲ. ಗೋವರ್ಧನ, ಕೈ ತೊಳ್ಕ ಬಾ. ನಿಮ್ಮಕ್ಕ ಬೆಳಗ್ಗಿಂದ ಹೋಳಿಗೆ ಮಾಡ್ಯಾಳೆ."

ಗೋವರ್ಧನ ಹಿಂದೆಮುಂದೆ ನೋಡಿದ. ಹೋಳಿಗೆಯ ವಾಸನೆ ಅವನನ್ನು ಎಬ್ಬಿಸಿತು. ಹಿತ್ತಲಿಗೆ ಕೈತೊಳೆಯಲು ಹೋದ.

ಅವನ ಬೆನ್ನು ಮರೆಯಾಗುತ್ತಲೇ ಹಾಲೇಶ ಮಂಡಿಯೂರಿದ. ಫೋನಿನ ಟಾರ್ಚು ಹಚ್ಚಿದ. ಅಂಗಿಯ ತೋಳು ಮೇಲೆ ಸರಿಸಿ, ಕತ್ತು ಬಗ್ಗಿಸಿ, ಕಣ್ಣು ಕಿರಿದು ಮಾಡಿ, ಸಂದಿಯೊಳಗೆ ನೋಡಿಕೊಂಡೇ ವೈರು ಕಿತ್ತ, ನೋಡಿಕೊಂಡೇ ಮುಚ್ಚಳ ತೆಗೆದ, ನೋಡಿಕೊಂಡೇ ಹೊಸ ಕಾರ್ಡಿಗೆ ಹಾಕಿದ. ಪ್ಲಾಸ್ಟಿಕ್ ಮುಚ್ಚಳವನ್ನು ಜೇಬಿಗೆ ಹಾಕಿಕೊಂಡು ಎದ್ದರೆ ಎದುರಿಗೆ ಶಿವಗಂಗಾ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹಾಲೇಶ ತುಟಿಯ ಮೇಲೆ ಬೆರಳಿಟ್ಟ.

ಊಟಕ್ಕೆ ಇಬ್ಬರೂ ಒಂದೇ ಸಾಲಿನಲ್ಲಿ ಕೂತರು, ನಡುವೆ ಕಮಲಮ್ಮ. ಗೋವರ್ಧನ ಮೂರು ಹೋಳಿಗೆ ತಿಂದ. ಎದ್ದು, "ಕೊನೇ ಸಲ ಒಂದು ನೋಡಾಣ" ಎಂದು ಸ್ವಿಚ್ಚು ಒತ್ತಿದ.

ಫ್ಯಾನು ತಿರುಗಿತು, ದೀಪಗಳು ಬೆಳಗಿದವು, ಪರದೆ ಒಮ್ಮೆ ಮಿನುಗಿ ಝಗ್ ಎಂದು ಕಣ್ಣು ಬಿಟ್ಟಿತು.

ಗೋವರ್ಧನ ಒಂದು ಕ್ಷಣ ತಾನೇ ನಂಬಲಿಲ್ಲ. ಮರುಕ್ಷಣ ನಂಬಿದ. "ಬ್ಯಾಟರಿ!" ಎಂದು ತೊಡೆ ತಟ್ಟಿದ. "ಬ್ಯಾಟರಿ ತೆಗ್ದು ಹಾಕಿದ್ನಲ್ಲ, ಒಳಗಿನ ಕರೆಂಟ್ ಪೂರಾ ಇಳಿಯಾಕೆ ಟೈಮ್ ಹಿಡೀತೈತೆ. ನಂಗೆ ಗೊತ್ತಿತ್ತು. ಇದು ಯಾರ್ಗೂ ಹೊಳಿಯಾದಲ್ಲ!" ಎನ್ನುತ್ತಾ ಆ ಬ್ಯಾಟರಿಯ ಮಹಿಮೆಯನ್ನು ಕಾಫಿ ಮುಗಿಯುವವರೆಗೂ ವಿವರಿಸಿದ. ಸಂತೋಷದ ಭರದಲ್ಲಿ ಅಕ್ಕನ ಕಡೆ ನೋಡಿ ಹೇಳುವುದನ್ನೇ ಮರೆತು ನೇರವಾಗಿ ಭಾವನಿಗೇ ಹೇಳುತ್ತಿದ್ದ.

ಹಾಲೇಶ ಕೈಕಟ್ಟಿ ನಿಂತು ಕೇಳಿದ. ಯಾರಾದರೂ ಪಾಠ ಹೇಳಿದರೆ ಅರ್ಧಕ್ಕೇ ತಡೆದು ತಿದ್ದುತ್ತಿದ್ದ ಮನುಷ್ಯ, ಶುದ್ಧ ಸುಳ್ಳಾದ ಒಂದು ಪಾಠವನ್ನು ಮೊದಲಿನಿಂದ ಕೊನೆಯವರೆಗೂ ತಲೆಯಾಡಿಸುತ್ತಾ ಕೇಳಿದ. ಜೇಬಿನಲ್ಲಿದ್ದ ಮುಚ್ಚಳವನ್ನು ಬೆರಳಲ್ಲಿ ತಿರುಗಿಸುತ್ತಿದ್ದುದು ಶಿವಗಂಗಾಗೆ ಮಾತ್ರ ಗೊತ್ತಿತ್ತು. ಅವಳಿಗೆ ನಗುವೂ ಬಂತು, ಅಳುವೂ ಬಂತು. ಅಳುವೇ ಗೆದ್ದೀತೆಂದು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಹೊರಡುವಾಗ ಗೋವರ್ಧನ ಬೈಕಿನ ಮೇಲೆ ಕೂತು ಹೆಲ್ಮೆಟ್ ಹಾಕಿಕೊಂಡ. ಬಿಟ್ಟರೆ ಮಾತು ಮುಗಿಯುವ ಹಾಗಿರಲಿಲ್ಲ. "ಭಾವ, ಬೇಜಾರು ಮಾಡ್ಕಬ್ಯಾಡ್ರಿ. ಇನ್ನು ಮ್ಯಾಲೆ ಏನಾದ್ರೂ ಆದ್ರೆ ನೀವೇ ಬಿಚ್ಚಕ್ಕೆ ಹೋಗ್ಬ್ಯಾಡ್ರಿ. ತಿಳ್ದೋರನ್ನ ಕೇಳ್ರಿ. ನಾನೇನು ಹೊರಗಿನೋನಾ?"

ಬೀದಿಯ ಆಚೆ ರಂಗೇಶ್ ಅಂಗಡಿಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. ಅವನು ಕೇಳಿದರೆ ಇಡೀ ಹೊಳಲ್ಕೆರೆ ಕೇಳಿದ ಹಾಗೆ.

"ಆತು ಬಿಡಪ್ಪ" ಎಂದ ಹಾಲೇಶ, ರಂಗೇಶನಿಗೂ ಕೇಳುವಷ್ಟು ಗಟ್ಟಿಯಾಗಿ. "ನಂಗೆ ಗೊತ್ತಾಗ್ಲಿಲ್ಲ. ನಿನ್ನ ಕೇಳೇ ಬಿಚ್ತೀನಿ ಇನ್ನು ಮ್ಯಾಲೆ."

"ಪಂಚಮಿಗೆ ಅಕ್ಕನ್ನ ಕರ್ಕಂಡೋಗಾಕೆ ಬರ್ತೀನಿ, ರೆಡಿ ಇರಾಕೆ ಹೇಳ್ರಿ."

"ಅವ್ಳು ಇಲ್ಲೇ ನಿಂತವ್ಳೆ, ನೀನೇ ಹೇಳು" ಎಂದ ಹಾಲೇಶ.

ಬೈಕು ಹೋದ ಮೇಲೆ ಇಬ್ಬರೂ ಬಾಗಿಲಲ್ಲೇ ನಿಂತಿದ್ದರು.

"ಬೆಳಿಗ್ಗೇನೇ ನೋಡಿದ್ರಲ್ಲ, ಯಾಕೆ ಸುಮ್ನಿದ್ರಿ?" ಎಂದು ಶಿವಗಂಗಾ ಮೆಲ್ಲಗೆ ಕೇಳಿದಳು.

"ನೀನ್ ಯಾವಾಗ ನೋಡಿದ್ದು?"

"ಸೋಮ್ವಾರ."

ಹಾಲೇಶ ಅವಳ ಕಡೆ ತಿರುಗಿದ. ಬೈಯುತ್ತಾನೆಂದುಕೊಂಡಳು. ಬೈದರೆ ಬೈಸಿಕೊಳ್ಳಲು ಸಿದ್ಧವಾಗಿಯೇ ನಿಂತಳು.

"ಒಂದು ವಾರ ನನ್ನ ಕಪ್ಪು ಪರದೆ ಮುಂದೆ ಕೂರಿಸಿದ್ಯಲ್ಲೇ" ಎಂದ. ದನಿಯಲ್ಲಿ ಸಿಟ್ಟು ಇತ್ತು, ಅದು ಅಲ್ಲಿಯೇ ಕರಗಿತು. "ನಾವಿಬ್ರು ಗಂಡಸ್ರು ಸೇರ್ಕಂಡು ನಿನ್ನ ಆರು ವರ್ಷ ಒಬ್ಳನ್ನೇ ಬಸ್ ಸ್ಟ್ಯಾಂಡಾಗೆ ನಿಲ್ಸಿದ್ವಿ. ನೀನು ಯಾವತ್ತೂ ಒಂದು ಮಾತು ಅನ್ಲಿಲ್ಲ. ನಾನೂ ಕೇಳ್ಲಿಲ್ಲ."

ಶಿವಗಂಗಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ರಂಗೇಶ್ ರಸ್ತೆ ದಾಟಿ ಬಂದು, ಅಂತೂ ಏನಾಗಿತ್ತಣ್ಣ ಎಂದು ಕೇಳಿದ.

"ಬ್ಯಾಟರಿ" ಎಂದ ಹಾಲೇಶ. "ನಮ್ ಬಾಮೈದ ಕಂಡ್ಹಿಡಿದ."